ಒಡ್ಡಿನ ತೂತು ಯಾರ ಪಾಲಿನದು?

ಕಾರವಾರದ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಒಂದೂವರೆ ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಗೋಣಿ ಚೀಲ ಹಿಡಿದು ಟಾಗೋರ್ ಕಡಲತೀರದಲ್ಲಿ ಪ್ಲಾಸ್ಟಿಕ್ ಹೆಕ್ಕುತ್ತಾರಂತೆ. ಚುರ್ಮುರಿ ಗಾಡಿಯವರು ಇವರಿಗೆಂದು ಖಾಲಿ ಚೀಲ ಎತ್ತಿಡುತ್ತಾರಂತೆ. ಈ ಸಲದ ಮಳೆಗಾಲ ಮುಗಿಯುವಷ್ಟರಲ್ಲಿ ತೀರ ಮತ್ತೆ ಮೊದಲಿನ ಹಾಗೆಯೇ ಆಯಿತು. ಅದನ್ನು ನೋಡಿ ಅವರ ಸೋದರಮಾವ, "ಲೋಕದ ಡೊಂಕ ನೀವೇಕೆ ತಿದ್ದುವಿರಿ ಅಂತ ಬಸವಣ್ಣನೇ ಹೇಳಿದ್ದಾನೆ. ಮೊದಲು ನಿನ್ನನ್ನ ನೀನು ತಿದ್ಕೋ ಮಾರಾಯ" ಎಂದರಂತೆ. ಓದುಗರ ಪ್ರಶ್ನೆ ಇದು: ಒಬ್ಬ ಮನುಷ್ಯನಿಂದ ಲೋಕ ಬದಲಾಗುತ್ತದೆಯೇ, ಇಲ್ಲ, ತನ್ನನ್ನು ತಾನು ಬದಲಿಸಿಕೊಳ್ಳುವುದಷ್ಟೇ ನಮ್ಮ ಕೈಲಿರುವುದೇ? "ಸುತ್ತಿ ಬಳಸದೆ ಹೇಳಿ" ಎಂದು ಕೊನೆಗೆ ಅಡಿಗೆರೆ ಬೇರೆ ಎಳೆದಿದ್ದಾರೆ.

ಸಂಪಾದಕರ ಉತ್ತರ:

ಸುತ್ತಿ ಬಳಸದೆ ಹೇಳುವುದಾದರೆ, ಎರಡೂ ನಿಮ್ಮೊಬ್ಬರ ಕೈಲಿಲ್ಲ. ಬೇಜಾರಾಗಬೇಡಿ, ಪೂರ್ತಿ ಓದಿ.

ಮೊದಲು ನಿಮ್ಮ ಮಾವನ ಮಾತು. ಆ ವಚನ ಅವರ ಪರವಾಗಿಯೇ ಇದೆ, ಸುಳ್ಳು ಹೇಳುವುದಿಲ್ಲ. ಬಸವಣ್ಣನ ಬದುಕು ಮಾತ್ರ ಅವರ ಪರ ಇಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿ ತಣ್ಣಗೆ ಇರಬಹುದಿತ್ತು. ಬೇರೆ ಬೇರೆ ಜಾತಿಯವರನ್ನು ಒಂದೇ ಕಡೆ ಕೂರಿಸಿ, ಆಮೇಲೆ ಅದರ ಬೆಲೆಯನ್ನೂ ತೆತ್ತ ಮನುಷ್ಯ ಅವನು. ವಚನವನ್ನು ನಂಬಬೇಕೋ ಬಾಳನ್ನು ನಂಬಬೇಕೋ ಎಂದು ಮಾವನನ್ನೇ ಕೇಳಿ.

ಇನ್ನು ನೀವು ಹೆಕ್ಕುವ ತೀರದ ಹೆಸರಿನವರು. ರವೀಂದ್ರನಾಥ ಟಾಗೋರರು ಇಪ್ಪತ್ತೆರಡು ವಯಸ್ಸಿನ ಆಸುಪಾಸಿನಲ್ಲಿ ಕಾರವಾರಕ್ಕೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಇಲ್ಲಿದ್ದಾಗ ರವೀಂದ್ರರು ಬರೆದ ನಾಟಕದಲ್ಲಿ ಒಬ್ಬ ಸನ್ಯಾಸಿ ಇದ್ದಾನೆ. ಲೋಕದ ನಂಟೆಲ್ಲ ಕಡಿದುಕೊಂಡು ತನ್ನನ್ನು ತಾನು ಗೆದ್ದೆ ಅಂದುಕೊಂಡವನು. ಅವನನ್ನು ಮತ್ತೆ ಲೋಕಕ್ಕೆ ಎಳೆಯುವುದು ದಿಕ್ಕಿಲ್ಲದ ಒಂದು ಪುಟ್ಟ ಹುಡುಗಿ. ಬರೀ ತನ್ನನ್ನು ತಿದ್ದಿಕೊಂಡು ಕೂರುವುದು ಎಷ್ಟು ಕಷ್ಟ ಅಂತ ಅದೇ ಮರಳಿನ ಮೇಲೆ ಓಡಾಡಿದವರಿಗೆ ಗೊತ್ತಿತ್ತು.

ನನಗೆ ಇದು ಗೊತ್ತಾದದ್ದು ಗಜನಿಯಲ್ಲಿ.

ಅಘನಾಶಿನಿಯ ದಂಡೆಯಲ್ಲಿ ನಮ್ಮಜ್ಜನಿಗೆ ಒಂದಿಷ್ಟು ಗಜನಿ ಗದ್ದೆ ಇತ್ತು. ಕುಮಟಾ ಕಡೆಯವರಿಗೆ ವಿವರಿಸಬೇಕಿಲ್ಲ, ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಹೊಳೆಗೆ ಉಪ್ಪುನೀರು ಏರುವ ಜಾಗದಲ್ಲಿ ಮಣ್ಣಿನ ಒಡ್ಡು ಕಟ್ಟಿ ಮಾಡುವ ಗದ್ದೆ ಅದು. ಮಳೆ ಬಂದು ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಕಗ್ಗ ಗಟ್ಟಿ ಪಿಂಡ, ಅಷ್ಟಿಷ್ಟು ಉಪ್ಪಿಗೂ ನೆರೆಗೂ ಜಗ್ಗುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟರೆ ಮೀನು, ಶೆಟ್ಲಿ ಅಂದರೆ ಸಿಗಡಿ. ಇಷ್ಟೆಲ್ಲ ನಿಂತಿರುವುದು ಒಂದು ಒಡ್ಡಿನ ಮೇಲೆ. ಆ ಒಡ್ಡು ಯಾರೊಬ್ಬರದೂ ಅಲ್ಲ. ನಿಮ್ಮ ಪಾಲಿನ ಹತ್ತು ಮಾರನ್ನು ನೀವು ಬಂಗಾರದ ಹಾಗೆ ಇಟ್ಟುಕೊಳ್ಳಿ, ಪಕ್ಕದವನ ಪಾಲಿನಲ್ಲಿ ಏಡಿ ಕೊರೆದ ತೂತು ಒಂದಿದ್ದರೆ ಉಪ್ಪುನೀರು ನಿಮ್ಮ ಗದ್ದೆಗೂ ಬರುತ್ತದೆ.

ನನಗಾಗ ಎಂಟು ವರ್ಷ ಇರಬೇಕು. ಅಮಾವಾಸ್ಯೆಯ ಉಬ್ಬರ. ರಾತ್ರಿ ಊಟಕ್ಕೆ ಕೂತಾಗ ಯಾರೋ ಕೂ ಹಾಕಿದರು. ಅಜ್ಜ ಎಂಜಲು ಕೈಯಲ್ಲೇ ಎದ್ದ. ನನ್ನ ಕೈಗೆ ಲಾಟೀನು ಕೊಟ್ಟ. ಒಡೆದಿದ್ದು ಪಕ್ಕದ ಗದ್ದೆಯವನ ಪಾಲಿನ ಒಡ್ಡು. ಅವನಿಗೂ ಅಜ್ಜನಿಗೂ ಗಡಿಯ ಒಂದು ತೆಂಗಿನಮರದ ವಿಷಯಕ್ಕೆ ವರ್ಷಗಳಿಂದ ಮಾತಿಲ್ಲ. ತೂತು ಮೊದಲು ಬಳೆಯಷ್ಟು ಅಗಲ ಇದ್ದದ್ದು, ನೋಡುತ್ತಿದ್ದಂತೆ ಕೊಡಪಾನದ ಬಾಯಷ್ಟಾಯಿತು. ಇಬ್ಬರೂ ಸೊಂಟದವರೆಗೆ ಕೆಸರಿನಲ್ಲಿ ಇಳಿದರು. ಒಬ್ಬ ಹುಲ್ಲಿನ ಕಟ್ಟು ತುರುಕಿದ, ಇನ್ನೊಬ್ಬ ಬೆನ್ನು ಕೊಟ್ಟು ನಿಂತ. ಉಳಿದವರು ಬುಟ್ಟಿಯಲ್ಲಿ ಜಿಗುಟು ಮಣ್ಣು ತಂದು ತಂದು ಸುರಿದರು. ಅಷ್ಟು ಹೊತ್ತೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ಇಲ್ಲಿ ಹಾಕು", "ಅಲ್ಲಿ ತುಳಿ" ಎಂದದ್ದೂ ನನ್ನ ಮುಖ ನೋಡಿಕೊಂಡೇ. ಇಳಿತ ಶುರುವಾದ ಮೇಲೆ ಒಡ್ಡು ನಿಂತಿತು.

ಮರುದಿನ ಏನಾಯಿತು ಗೊತ್ತಾ? ಏನೂ ಇಲ್ಲ. ಮಾತು ಬಿಟ್ಟದ್ದು ಬಿಟ್ಟೇ ಇತ್ತು. ತೆಂಗಿನಮರದ ಜಗಳ ಅಜ್ಜ ಸಾಯುವವರೆಗೂ ನಡೆಯಿತು. ಇಬ್ಬರೂ ಒಂಚೂರೂ ಬದಲಾಗಲಿಲ್ಲ. ಆ ವರ್ಷ ಭತ್ತ ಮಾತ್ರ ಮನೆಗೆ ಬಂತು. "ಮೊದಲು ನಿನ್ನನ್ನು ತಿದ್ದಿಕೋ, ಆಮೇಲೆ ಊರಿನ ಕೆಲಸ" ಎನ್ನುವವರನ್ನು ಕಂಡಾಗೆಲ್ಲ ನನಗೆ ಆ ಲಾಟೀನಿನ ಬೆಳಕು ನೆನಪಾಗುತ್ತದೆ. ಆ ಇಬ್ಬರು ಮುದುಕರು ತಿದ್ದಿಕೊಳ್ಳುವವರೆಗೆ ಉಬ್ಬರ ಕಾಯುತ್ತಿತ್ತೇ?

ನಿಮ್ಮ ನೆರೆಯ ಅಂಕೋಲೆಯನ್ನೇ ನೋಡಿ. ಬಡಿಗೇರಿಯ ಸುಕ್ರಿ ಬೊಮ್ಮಗೌಡ, ನಮ್ಮೆಲ್ಲರ ಸುಕ್ರಜ್ಜಿ. ಹಾಲಕ್ಕಿ ಸಮುದಾಯದ ಹಾಡುಗಳ ಕಣಜ. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಕುಡಿತಕ್ಕೆ ತಮ್ಮ ಮನೆಯವರನ್ನೇ ಕಳೆದುಕೊಂಡ ಹೆಂಗಸು, ಸಾರಾಯಿಯ ವಿರುದ್ಧ ಹೋರಾಟಕ್ಕೆ ನಿಂತರು. ಅವರಿಗೆ "ನಿನ್ನನ್ನು ನೀನು ಬದಲಿಸಿಕೋ" ಎಂದಿದ್ದರೆ ಏನನ್ನು ಬದಲಿಸಿಕೊಳ್ಳಬೇಕಿತ್ತು? ಕುಡಿಯುತ್ತಿದ್ದವರು ಅವರಲ್ಲವಲ್ಲ! ಆ ಉಪದೇಶ ತಪ್ಪು ಮಾಡುವವರಿಗೆ ಸರಿ. ತಪ್ಪಿನ ಪೆಟ್ಟು ತಿನ್ನುವವರಿಗೆ ಅದನ್ನು ಹೇಳುವುದು ಗಾಯದ ಮೇಲೆ ಬರೆ.

ಹಾಗಾದರೆ ಒಬ್ಬರೇ ಸಾಕಾ? ಅದೂ ಇಲ್ಲ. ಶಿರಸಿ ತಾಲ್ಲೂಕಿನ ಸಾಲ್ಕಣಿಯವರು 1983ರ ಸೆಪ್ಟೆಂಬರ್ 8ರಂದು ಕಾಡಿಗೆ ನಡೆದು ಹೋಗಿ ಮರಗಳನ್ನು ತಬ್ಬಿಕೊಂಡರು. ಮರ ಕಡಿಯುವುದನ್ನು ತಡೆಯುವ ಅಪ್ಪಿಕೋ ಚಳವಳಿ ಶುರುವಾದದ್ದು ಹೀಗೆ. ಹಿಮಾಲಯದ ಚಿಪ್ಕೋ, ಸುಂದರಲಾಲ ಬಹುಗುಣರ ಮಾತು, ಪಾಂಡುರಂಗ ಹೆಗಡೆಯವರ ಓಡಾಟ, ಎಲ್ಲ ಇತ್ತು ನಿಜ. ಆದರೆ ಆ ಹಠ 38 ದಿನ ನಡೆಯಿತು. ಒಬ್ಬನೇ ಒಂದು ಮರ ಅಪ್ಪಿ ನಿಂತರೆ ಕೊಡಲಿ ಪಕ್ಕದ ಮರಕ್ಕೆ ಹೋಗುತ್ತದೆ ಅಷ್ಟೆ. ಅದೂ ಅಲ್ಲದೆ ನಮ್ಮ ಕಾಡಿನ ಹಳೇ ಮರಗಳು ಒಬ್ಬರ ತೋಳಿಗೆ ಎಲ್ಲಿ ಸಿಗುತ್ತವೆ! ಮೂರು ಜನ ಕೈ ಕೈ ಹಿಡಿದುಕೊಂಡರೂ ಬೆರಳ ತುದಿ ತಾಗಿದರೆ ಪುಣ್ಯ.

ನಿಮ್ಮ ಕಾಳಿಯೂ ಹಾಗೆಯೇ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ 184 ಕಿ.ಮೀ. ಹರಿದು ಬರುವ ಹೊಳೆ. ಅದರ ಬಾಯಲ್ಲಿ ನೀವೊಬ್ಬರು ಗೋಣಿ ಹಿಡಿದು ನಿಂತಿದ್ದೀರಿ. ಲೆಕ್ಕ ತಾಳೆಯಾಗುವುದಿಲ್ಲ, ಅದಕ್ಕೇ ಸುಸ್ತು. ಹಾಗಂತ ಗೋಣಿ ಕೆಳಗಿಡಿ ಅಂತ ನಾನು ಹೇಳುತ್ತಿಲ್ಲ. ಕೂ ಹಾಕಿ ಎನ್ನುತ್ತಿದ್ದೇನೆ. ಗಜನಿಯಲ್ಲಿ ತೂತು ಮೊದಲು ಕಂಡವನ ಕೆಲಸ ಅದು. ಅವನೊಬ್ಬನೇ ಮುಚ್ಚಬೇಕು ಅಂತ ಯಾರೂ ಹೇಳುವುದಿಲ್ಲ. ಕಂಡೂ ಸುಮ್ನೆ ಮನೆಗೆ ಹೋದರೆ ಮಾತ್ರ ಊರು ಬಿಡುವುದಿಲ್ಲ.

ನಿಮ್ಮ ಮಾವನ ಮಾತಿನಲ್ಲಿ ಒಂದು ಪಾವಿನಷ್ಟು ನಿಜ ಇದೆ. ಪತ್ರದ ಎರಡನೇ ಪುಟ ಪೂರ್ತಿ ನೀವು ಪ್ರವಾಸಿಗರನ್ನು ಬೈದಿದ್ದೀರಿ. "ಇವರಿಗೆಲ್ಲ ಬುದ್ಧಿ ಇಲ್ಲ" ಎಂಬ ಮಾತು ನಾಲ್ಕು ಸಲ ಬಂದಿದೆ, ಎಣಿಸಿದೆ. ಬೈಸಿಕೊಂಡವರು ಚೀಲ ಹಿಡಿಯಲು ಬರುವುದಿಲ್ಲ. ಅಷ್ಟರ ಮಟ್ಟಿಗೆ ನೀವು ಬದಲಾಗಬಹುದು. ನಾನೂ ಆಗಬೇಕು. ಈ ಕಚೇರಿಗೆ ಬರುವ ಪ್ರೂಫ್ ನೋಡುವ ಹುಡುಗನನ್ನು ಕೇಳಿದರೆ ಹೇಳುತ್ತಾನೆ.

ಇನ್ನೊಂದು. ಮೂರು ಪುಟದಲ್ಲಿ ನೀವು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋದ ವಿಷಯ ಚುರ್ಮುರಿ ಗಾಡಿಯವರದು. ಅವರು ಖಾಲಿ ಚೀಲ ಎತ್ತಿಡಲು ಶುರು ಮಾಡಿದ್ದು ಯಾವಾಗ? ನೀವು ಕೇಳಿದ್ದಿರಾ, ಅವರಾಗಿಯೇ ಕೊಟ್ಟರಾ? ಅವರ ಗಾಡಿಯ ಸುತ್ತ ಈಗ ಕಸ ಎಷ್ಟು ಬೀಳುತ್ತಿದೆ? ಮುಂದಿನ ಭಾನುವಾರ ಒಂದು ಪೊಟ್ಟಣ ಚುರ್ಮುರಿ ತಗೊಂಡು ನಿಧಾನ ವಿಚಾರಿಸಿ, ಬರೆದು ಕಳಿಸಿ. ಆ ಪತ್ರ ಒಂದೇ ಪುಟ ಇದ್ದರೂ ಸಾಕು.