ಆಷಾಢದಲ್ಲಿ ಮಾಗಡಿ ಕೆರೆ ಬೇಡ, ಬೆಟಗೇರಿಗೆ ಹೋಗಿ

ಸರ್, ಮದುವೆ ಆರ್ಡರ್ ಇಲ್ಲದ ಆಷಾಢದಲ್ಲಿ ಸ್ವಂತ ಖುಷಿಗೆ ಒಂದು ಫೋಟೋ ಸರಣಿ ಮಾಡಬೇಕು, ಕೈಯಲ್ಲಿರೋದು 50 ಎಂಎಂ ಲೆನ್ಸ್ ಒಂದೇ, ಗದಗ ಜಿಲ್ಲೆಯ ಮಾಗಡಿ ಕೆರೆ ಹಕ್ಕಿಗಳನ್ನು ತೆಗೆಯಲೇ ಎಂದು ಕೇಳಿದ್ದೀರಿ. ಬೇಡ. ಆ ಪಟ್ಟೆತಲೆ ಹೆಬ್ಬಾತುಗಳು ಬರೋದು ಚಳಿಗಾಲಕ್ಕೆ. ಆಗ ನಿಮಗೆ ಮದುವೆ ಸೀಸನ್, ಅಲ್ವಾ? ಅದೂ ಅಲ್ಲದೆ 50ರಲ್ಲಿ ಹಕ್ಕಿ ಬರೀ ಚುಕ್ಕೆ.

ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಗದಗದಲ್ಲಿ ಇಳಿದು ಬೆಟಗೇರಿಗೆ ಹೋಗಿ. ಅಲ್ಲಿನ ಕೈಮಗ್ಗಗಳಿಗೆ ನಿಮ್ಮ ಲೆನ್ಸೇ ಸಾಕು. ಕುಣಿಮಗ್ಗದಲ್ಲಿ ನೇಕಾರರ ಕಾಲು ಕುಣಿಯೊಳಗೆ, ಅಂದ್ರೆ ನೆಲದ ಗುಂಡಿಯೊಳಗೆ, ಸೀರೆ ನೆಲದಿಂದ ಸ್ವಲ್ಪವೇ ಮೇಲೆ. ನಿಂತು ತೆಗೆದರೆ ನೆತ್ತಿಯಷ್ಟೇ ಸಿಗುತ್ತೆ. ನೆಲದ ಮೇಲೆ ಕೂತುಬಿಡಿ. ಫ್ಲ್ಯಾಶ್ ಬ್ಯಾಗಲ್ಲೇ ಇರಲಿ, ಕಿಟಕಿ ಬೆಳಕೇ ಚಂದ. ಶಟರ್ 1/30 ಸೆಕೆಂಡಿಗೆ ಇಳಿಸಿದರೆ ನೂಲು ಒಯ್ಯುವ ಲಾಳಿ ಗೆರೆಯಂತೆ ಓಡುತ್ತೆ, ಮುಖ ಹೆಚ್ಚೂಕಡಿಮೆ ಸ್ಪಷ್ಟವಾಗಿ ಬರುತ್ತೆ. ನಾಲ್ಕಾರು ಸಲ ಕ್ಲಿಕ್ ಮಾಡಬೇಕಾಗುತ್ತೆ, ಅಷ್ಟೇ.

ಓಣಿಯೆಲ್ಲ ಸುತ್ತಬೇಡಿ, ಒಂದೇ ಮನೆ ಹಿಡಿಯಿರಿ. ಮೊದಲ ದಿನ ಕ್ಯಾಮೆರಾ ತೆಗೆಯದೆ ಚಹಾ ಕುಡಿದು ಬನ್ನಿ (ಬೇಡ ಅಂದರೆ ಬೇಜಾರು ಮಾಡ್ಕೋತಾರೆ). ಆಮೇಲೆ ಹಾಸು (ಮಗ್ಗದ ಉದ್ದದ ಎಳೆಗಳು) ಹೂಡುವುದರಿಂದ ಹಿಡಿದು ಸೀರೆ ಮಗ್ಗದಿಂದ ಇಳಿಯುವವರೆಗೆ ತೆಗೆಯಿರಿ. ಕೊನೆಗೆ ಆ ಮನೆಯವರಿಗೆ ಪ್ರಿಂಟ್ ಹಾಕಿಸಿ ಕೊಡಿ. ಸುಮ್ನೆ ವಾಟ್ಸಾಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳಬೇಡಿ.