ಕಾಂಬಿನಟೋರಿಕ್ಸ್ ಒಂದನ್ನೇ ನಂಬಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಬಹುದೇ?

ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೀರಿ, ಕಾಂಬಿನಟೋರಿಕ್ಸ್ (ಎಷ್ಟು ಬಗೆ ಎಂದು ಎಣಿಸುವ ಗಣಿತ) ಬಿಟ್ಟು ಬೇರೆ ಗಣಿತ ರುಚಿಸುವುದಿಲ್ಲ, ಅದನ್ನೇ ಹಿಡಿದು ಅಧ್ಯಾಪಕರಾಗಬಹುದೇ ಎಂದು ಕೇಳಿದ್ದೀರಿ. ಆಗಬಹುದು. ಆದರೆ ಬೇರೆ ಗಣಿತದ ಮೇಲಿನ ಮುನಿಸನ್ನು ಈಗಲೇ ಬಿಡಬೇಕು ಅನ್ನುತ್ತೇನೆ.

ಮೊದಲು ಪರೀಕ್ಷೆಯ ಮಾತು. ಅಧ್ಯಾಪಕರಾಗಲು ಬರೆಯುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಸಿಎಸ್‌ಐಆರ್-ನೆಟ್ 200 ಅಂಕದ್ದು. ಪಠ್ಯಕ್ರಮದಲ್ಲಿ ನಿಮ್ಮ ವಿಷಯಕ್ಕೆ ಸಿಕ್ಕಿರುವುದು ಒಂದು ಸಾಲು: ಕ್ರಮಯೋಜನೆ, ವಿಕಲ್ಪ, ಪಿಜನ್‌ಹೋಲ್ ತತ್ವ, ಇನ್‌ಕ್ಲೂಷನ್-ಎಕ್ಸ್‌ಕ್ಲೂಷನ್, ಡಿರೇಂಜ್‌ಮೆಂಟ್. ದಡ ಮುಟ್ಟಿಸುವುದು ಲೀನಿಯರ್ ಆಲ್ಜೀಬ್ರಾ ಮತ್ತು ರಿಯಲ್ ಅನಾಲಿಸಿಸ್. 95 ಅಂಕದ 'ಸಿ' ಭಾಗದಲ್ಲಿ ಒಂದಕ್ಕಿಂತ ಹೆಚ್ಚು ಆಯ್ಕೆ ಸರಿ ಇರಬಹುದು. ಎಲ್ಲವನ್ನೂ ಗುರುತಿಸಿದರಷ್ಟೇ 4.75 ಅಂಕ. ಅರೆಬರೆ ಓದು ಅಲ್ಲಿ ನಡೆಯುವುದಿಲ್ಲ. ರಾಜ್ಯಮಟ್ಟದ ಅರ್ಹತಾ ಪರೀಕ್ಷೆ ಕೆ-ಸೆಟ್ ಕೂಡ ಬರೆಯಿರಿ, ಅದರ ಅರ್ಹತೆ ಕರ್ನಾಟಕದೊಳಗೆ ಮಾತ್ರ.

ಸಂಶೋಧನೆಯಲ್ಲೂ ಇದೇ ಕಥೆ. ಒಂದು ಊರಲ್ಲಿ 32 ಜನ. ಪ್ರತಿ ಸಂಘದಲ್ಲೂ ಬೆಸಸಂಖ್ಯೆಯ ಸದಸ್ಯರು, ಯಾವ ಎರಡು ಸಂಘ ತೆಗೆದುಕೊಂಡರೂ ಎರಡರಲ್ಲೂ ಇರುವವರು ಸಮಸಂಖ್ಯೆಯಲ್ಲಿ. ಹಾಗಾದರೆ ಸಂಘಗಳು 32ನ್ನು ಮೀರಲಾರವು. ಎಣಿಸುತ್ತ ಕೂತರೆ ಇದು ಬಗ್ಗುವುದಿಲ್ಲ. ಲೀನಿಯರ್ ಆಲ್ಜೀಬ್ರಾ ಹಿಡಿದು, ಪ್ರತಿ ಸಂಘವನ್ನೂ 0-1 ವೆಕ್ಟರ್ (ಸದಸ್ಯರಿಗೆ 1, ಉಳಿದವರಿಗೆ 0 ಇಟ್ಟ 32 ಅಂಕೆಗಳ ಸಾಲು) ಆಗಿ ಬರೆದು, 0 ಮತ್ತು 1 ಮಾತ್ರ ಇರುವ ಫೀಲ್ಡ್‌ನಲ್ಲಿ ಅವು ಲೀನಿಯರ್ಲಿ ಇಂಡಿಪೆಂಡೆಂಟ್, ಅಂದರೆ ಯಾವುದೊಂದನ್ನೂ ಮಿಕ್ಕವುಗಳನ್ನು ಕೂಡಿಸಿ ಪಡೆಯಲಾಗದು, ಎಂದು ತೋರಿಸಿದರೆ ನಾಲ್ಕೇ ಸಾಲು. ಸಂಘದ ಗಾತ್ರವೂ ಸಮಸಂಖ್ಯೆ ಆಗಿರಲಿ ಅಂದುಬಿಟ್ಟರೆ, ಖಾಲಿ ಸಂಘವೂ ಸೇರಿ 65,536ರವರೆಗೆ ಹೋಗಬಹುದು! ಹದಿನಾರು ಜೋಡಿ ಮಾಡಿ, ಜೋಡಿ ಒಡೆಯದೆ ಸಂಘ ಕಟ್ಟಿ ನೋಡಿ.

ಇನ್ನು ಪಾಠ. ಯುಜಿಸಿಯ 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಅದರಲ್ಲಿ ಹೆಚ್ಚಿನದು ಕ್ಯಾಲ್ಕುಲಸ್, ಆಲ್ಜೀಬ್ರಾ ಆಗಿರುತ್ತದೆಂದೇ ಲೆಕ್ಕ ಹಾಕಿಕೊಳ್ಳಿ. ಕಾಂಬಿನಟೋರಿಕ್ಸ್ ಸಿಕ್ಕಿದಾಗ ಹುಡುಗರು ಎಡವುವುದು ಸೂತ್ರದಲ್ಲಲ್ಲ, ಒಂದನ್ನೇ ಎರಡು ಸಲ ಎಣಿಸುವುದರಲ್ಲಿ. 5 ಗಂಡಸರು, 4 ಹೆಂಗಸರು. ಕನಿಷ್ಠ ಒಬ್ಬ ಹೆಂಗಸಿರುವ ಮೂವರ ಸಮಿತಿ ಎಷ್ಟು ಬಗೆಯಲ್ಲಿ? 'ಮೊದಲು ಒಬ್ಬಳು, 4 ಬಗೆ. ಉಳಿದ 8ರಲ್ಲಿ ಇಬ್ಬರು, 28 ಬಗೆ. ಒಟ್ಟು 112' ಅನ್ನುತ್ತಾರೆ. ಸರಿಯುತ್ತರ, ಒಟ್ಟು 84 ಸಮಿತಿಗಳಲ್ಲಿ ಗಂಡಸರಷ್ಟೇ ಇರುವ 10 ಕಳೆದು 74. ಇಷ್ಟು ಹೇಳಿ ಮುಂದೆ ಹೋಗಬೇಡಿ, 112ನ್ನು ಬಿಡಿಸಿ. ಒಬ್ಬಳೇ ಇರುವ 40 ಸಮಿತಿ ಒಂದೊಂದು ಸಲ, ಇಬ್ಬರಿರುವ 30 ಎರಡೆರಡು ಸಲ, ಮೂವರೂ ಹೆಂಗಸರಾದ 4 ಮೂರು ಮೂರು ಸಲ: 40+60+12. ಆಮೇಲೆ ಬೋರ್ಡಿನ ಮೇಲೆ ಹೆಸರಿಟ್ಟೇ ಬರೆಯಿರಿ: ಗೀತಾ ಮೊದಲು, ಆಮೇಲೆ ಉಮಾ ಮತ್ತು ರವಿ, ಉಮಾ ಮೊದಲು, ಆಮೇಲೆ ಗೀತಾ ಮತ್ತು ರವಿ.