ಓದುಗರ ಪ್ರಶ್ನೆ: ಸ್ನಾಯುಗಳ ಉರಿಯೂತ

ಪ್ರಶ್ನೆ: ಅಮ್ಮನಿಗೆ 48 ವರ್ಷ. ಎರಡು ತಿಂಗಳಿಂದ ಮೆಟ್ಟಿಲು ಹತ್ತಲು, ಕೂತಲ್ಲಿಂದ ಏಳಲು, ಕೈ ಎತ್ತಿ ತಲೆ ಬಾಚಲು ಕಷ್ಟ. ನೋವು ಅಷ್ಟೇನಿಲ್ಲ. ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಬಂದಿವೆಯೆಂದು ಲಿವರ್ ಮಾತ್ರೆ ಕೊಟ್ಟಿದ್ದಾರೆ. ಸ್ಕ್ಯಾನಿಂಗ್‌ನಲ್ಲಿ ಲಿವರ್ ಚೆನ್ನಾಗಿದೆ. ಬೆರಳ ಗೆಣ್ಣುಗಳ ಮೇಲೆ ಒರಟು ಕೆಂಪು ಗುಳ್ಳೆಗಳಿವೆ. ಇದೇನು?

ಉತ್ತರ: ಆ ಎರಡು ಕಿಣ್ವಗಳು ಸ್ನಾಯುವಿನಲ್ಲೂ ಇರುತ್ತವೆ. ಸ್ನಾಯು ಹಾಳಾದರೂ ಅವು ರಕ್ತದಲ್ಲಿ ಏರುತ್ತವೆ. ಜಿಜಿಟಿ (ಲಿವರಿನ ಕಿಣ್ವ) ಮತ್ತು ಸಿಕೆ (ಸ್ನಾಯುವಿನ ಕಿಣ್ವ) ಪರೀಕ್ಷೆ ಮಾಡಿಸಿ. ಜಿಜಿಟಿ ಸರಿಯಿದ್ದು ಸಿಕೆ ಏರಿದ್ದರೆ ಮೂಲ ಸ್ನಾಯುವಿನಲ್ಲಿದೆ ಎನ್ನಬಹುದು. ಪರೀಕ್ಷೆಗೆ ಮುಂಚಿನ ಕೆಲವು ದಿನ ಭಾರೀ ವ್ಯಾಯಾಮ, ಸ್ನಾಯುವಿಗೆ ಇಂಜೆಕ್ಷನ್ ಬೇಡ. ಅವುಗಳಿಂದಲೂ ಸಿಕೆ ಏರುತ್ತದೆ. ಥೈರಾಯ್ಡ್ ಕೊರತೆಯಿಂದಲೂ ಹೀಗಾಗುವುದರಿಂದ ಟಿಎಸ್‌ಎಚ್ ಸಹ ನೋಡಿಸಿ.

ತೊಡೆ, ಹೆಗಲು ಸೋತಿರುವುದು, ಜೊತೆಗೆ ಗೆಣ್ಣಿನ ಗುಳ್ಳೆ: ಎರಡೂ ಸೇರಿದರೆ ಮೊದಲು ನೆನಪಾಗಬೇಕಾದ್ದು ಡರ್ಮಟೊಮಯೊಸೈಟಿಸ್, ಅಂದರೆ ಸ್ನಾಯು ಮತ್ತು ಚರ್ಮ ಎರಡರ ಉರಿಯೂತ. ಕಣ್ಣಿನ ಮೇಲ್ರೆಪ್ಪೆ, ಎದೆಯ ಮೇಲ್ಭಾಗ, ಬೆನ್ನಿನ ಮೇಲ್ಭಾಗದಲ್ಲಿ ಕಲೆಗಳಿವೆಯೇ ನೋಡಿ. ಪುಸ್ತಕದ ಚಿತ್ರಗಳಲ್ಲಿ ಕಾಣುವ ನೇರಳೆ ಬಣ್ಣ ಕಪ್ಪು ಮೈಬಣ್ಣದವರಲ್ಲಿ ಬರೀ ಕಂದು ಕಲೆಯಂತೆ ಕಂಡು ಕಣ್ತಪ್ಪಿ ಹೋಗುತ್ತದೆ. ರುಮಟಾಲಜಿ (ಕೀಲು, ಸ್ನಾಯು ಉರಿಯೂತದ) ವೈದ್ಯರನ್ನು ಬೇಗ ಕಾಣಿಸಿ. ನುಂಗುವಾಗ ಸಿಕ್ಕಿಕೊಳ್ಳುವುದು, ಏದುಸಿರು, ಒಣಕೆಮ್ಮು ಇದ್ದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಆಸ್ಪತ್ರೆಗೆ ಹೋಗಿ. ರಕ್ತದಲ್ಲಿ ಎಂಡಿಎ5 ಎಂಬ ಪ್ರತಿಕಾಯ (ದೇಹ ತನ್ನ ವಿರುದ್ಧವೇ ತಯಾರಿಸಿಕೊಳ್ಳುವ ಪ್ರೋಟೀನ್) ಇರುವವರಲ್ಲಿ ಸಿಕೆ ಸರಿಯಿದ್ದೂ ಶ್ವಾಸಕೋಶ ಕೆಲವೇ ವಾರಗಳಲ್ಲಿ ಹದಗೆಡಬಹುದು. ವಯಸ್ಕರಲ್ಲಿ ಈ ಕಾಯಿಲೆಯ ಹಿಂದೆ ಕ್ಯಾನ್ಸರ್ ಅಡಗಿರುವುದುಂಟು. ಮೊದಲ ಮೂರು ವರ್ಷ ಆ ಸಾಧ್ಯತೆ ಹೆಚ್ಚು, ಟಿಐಎಫ್1 ಗಾಮಾ ಪ್ರತಿಕಾಯ ಇದ್ದರೆ ಇನ್ನೂ ಹೆಚ್ಚು. ಆದ್ದರಿಂದ ಆ ತಪಾಸಣೆಯನ್ನೂ ಮುಂದೂಡಬೇಡಿ.

ಪ್ರಶ್ನೆ: ರಕ್ತದಲ್ಲೇ ಇಷ್ಟೆಲ್ಲ ಗೊತ್ತಾಗುವಾಗ ಬಯಾಪ್ಸಿ ಏಕೆ?

ಉತ್ತರ: ಚರ್ಮದ ಲಕ್ಷಣ ಸ್ಪಷ್ಟವಾಗಿದ್ದು ಪ್ರತಿಕಾಯವೂ ಸಿಕ್ಕಿದರೆ ಎಷ್ಟೋ ಸಲ ಬೇಕಾಗುವುದಿಲ್ಲ. ಆದರೆ ಚರ್ಮ ಸರಿಯಿದ್ದರೆ ಬಯಾಪ್ಸಿ ತಪ್ಪಿಸಬೇಡಿ. ಆನುವಂಶಿಕ ಸ್ನಾಯುಕ್ಷಯವನ್ನು ಉರಿಯೂತವೆಂದುಕೊಂಡು ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿಸುವ ಅಪಾಯವಿದೆ. ಎಲ್ಲಿಂದ ತುಣುಕು ತೆಗೆಯುತ್ತಾರೆ ಎಂಬುದೂ ಮುಖ್ಯ. ಪೂರ್ತಿ ಸೊರಗಿದ ಸ್ನಾಯುವಿನಲ್ಲಿ ಕೊಬ್ಬು, ನಾರು ಮಾತ್ರ ಸಿಗುತ್ತದೆ. ಎಂಆರ್‌ಐಯಲ್ಲಿ ಊತ ಕಂಡ ಜಾಗ ಒಳ್ಳೆಯದು. ಇಎಂಜಿ (ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆ) ಸೂಜಿ ಚುಚ್ಚಿದ ಸ್ನಾಯು ಬೇಡ, ಚುಚ್ಚಿದ ಗಾಯವೇ ಉರಿಯೂತದಂತೆ ಕಾಣುತ್ತದೆ. ಅದಕ್ಕೇ ಇಎಂಜಿ ಒಂದು ಬದಿಗೆ, ಬಯಾಪ್ಸಿ ಇನ್ನೊಂದು ಬದಿಗೆ.

ಪ್ರಶ್ನೆ: ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್) 60 ಮಿ.ಗ್ರಾಂ ಮೂರು ತಿಂಗಳಿಂದ ನಡೆದಿದೆ. ಸಿಕೆ ಸಹಜಕ್ಕೆ ಬಂತು, ಶಕ್ತಿಯೂ ಬಂದಿತ್ತು. ಈಗ ತೊಡೆ ಮತ್ತೆ ಸೋಲುತ್ತಿದೆ. ಡೋಸ್ ಹೆಚ್ಚಿಸಬೇಕೆ?

ಉತ್ತರ: ಹೆಚ್ಚಿಸಿದರೆ ಇನ್ನೂ ಸೋಲಬಹುದು! ಸ್ಟೀರಾಯ್ಡೇ ಸ್ನಾಯುವನ್ನು ಸೊರಗಿಸುತ್ತದೆ. ಆಗ ಸಿಕೆ ಸಹಜವಾಗಿಯೇ ಇರುತ್ತದೆ, ಎಂಆರ್‌ಐಯಲ್ಲಿ ಊತ ಕಾಣುವುದಿಲ್ಲ. ಮಲಗಿದಲ್ಲಿಂದ ತಲೆ ಎತ್ತಲು ಆಗದಿದ್ದರೆ, ಸಿಕೆ ಮತ್ತೆ ಏರುತ್ತಿದ್ದರೆ ಕಾಯಿಲೆ ಮರುಕಳಿಸಿದೆ ಎಂಬ ಅನುಮಾನ ಬಲವಾಗುತ್ತದೆ. ಯಾವುದೆಂದು ವೈದ್ಯರು ತೀರ್ಮಾನಿಸುವ ತನಕ ಮಾತ್ರೆಯನ್ನು ತಟ್ಟನೆ ನಿಲ್ಲಿಸಬೇಡಿ. ಇಷ್ಟು ದಿನ ತೆಗೆದುಕೊಂಡ ಮೇಲೆ ದೇಹ ತನ್ನ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ, ರಕ್ತದೊತ್ತಡ ಕುಸಿದೀತು.

ಸಾಮಾನ್ಯ ಕ್ರಮವೆಂದರೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 1 ಮಿ.ಗ್ರಾಂ, ನಾಲ್ಕರಿಂದ ಆರು ವಾರ, ಆಮೇಲೆ ನಿಧಾನ ಇಳಿಕೆ. ಇಳಿಸಲು ಅನುಕೂಲವಾಗಲೆಂದು ಮೊದಲಿಗೇ ಮೆಥೊಟ್ರೆಕ್ಸೇಟ್, ಅಜಥಯೊಪ್ರಿನ್ ಅಥವಾ ಮೈಕೊಫಿನೊಲೇಟ್ ಸೇರಿಸುತ್ತಾರೆ. ನಿಮ್ಮ ಚೀಟಿಯಲ್ಲಿ ಇವು ಯಾವುದೂ ಇಲ್ಲದಿದ್ದರೆ ಏಕೆಂದು ಕೇಳಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ಫೋಲಿಕ್ ಆಸಿಡ್ ಜೊತೆಗೆ. ದಿನಾ ನುಂಗಿ ಮೂಳೆಮಜ್ಜೆ ಕೆಟ್ಟು ಪ್ರಾಣ ಹೋದದ್ದುಂಟು. ನುಂಗುವ ದಿನದ ಹೆಸರನ್ನು ಡಬ್ಬಿಯ ಮೇಲೆ ಬರೆದಿಡಿ. ಗರ್ಭಿಣಿಯರಿಗೆ ಇದು ಕೂಡದು. ನುಂಗುವ ತೊಂದರೆ ಜೋರಾಗಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಕೊಡುತ್ತಾರೆ: ಕಿಲೋ ತೂಕಕ್ಕೆ ಒಟ್ಟು 2 ಗ್ರಾಂ, ಎರಡರಿಂದ ಐದು ದಿನಗಳಲ್ಲಿ ಹಂಚಿ, ತಿಂಗಳಿಗೊಮ್ಮೆ.

ಪ್ರಶ್ನೆ: ಅಪ್ಪನಿಗೆ 66. ಸ್ಟೀರಾಯ್ಡಿನಿಂದ ಏನೂ ಪ್ರಯೋಜನವಿಲ್ಲ. ಮುಷ್ಟಿ ಬಿಗಿಯಾಗುವುದಿಲ್ಲ, ಮೊಣಕಾಲು ತಟ್ಟನೆ ಮಡಚಿ ಬೀಳುತ್ತಾರೆ.

ಉತ್ತರ: ಬೆರಳು ಮಡಚುವ ಸ್ನಾಯು, ತೊಡೆಯ ಮುಂಭಾಗ, ಅದೂ ಒಂದು ಬದಿಗೆ ಹೆಚ್ಚು ಸೋಲುವುದು ಇನ್‌ಕ್ಲೂಷನ್ ಬಾಡಿ ಮಯೊಸೈಟಿಸ್ ಎಂಬ ಬೇರೊಂದು ಬಗೆಯ ಸ್ನಾಯು ಕಾಯಿಲೆಯ ಲಕ್ಷಣ. ಅದಕ್ಕೆ ಸ್ಟೀರಾಯ್ಡ್ ನಾಟುವುದಿಲ್ಲ. ರೋಗನಿರ್ಣಯವನ್ನು ಮತ್ತೆ ನೋಡಿಸಿ. ವ್ಯಾಯಾಮ, ಬೀಳದಂತೆ ಮೊಣಕಾಲಿಗೆ ಆಧಾರಪಟ್ಟಿ, ನುಂಗುವ ತಪಾಸಣೆ ಇವೇ ಸದ್ಯದ ಚಿಕಿತ್ಸೆ.

ಪ್ರಶ್ನೆ: ಕೊಲೆಸ್ಟರಾಲ್ ಮಾತ್ರೆ ನಿಲ್ಲಿಸಿ ಮೂರು ತಿಂಗಳಾದರೂ ಸಿಕೆ 6,000ದ ಮೇಲಿದೆ.

ಉತ್ತರ: ಸ್ಟ್ಯಾಟಿನ್‌ನ (ಕೊಲೆಸ್ಟರಾಲ್ ಮಾತ್ರೆಯ) ಮಾಮೂಲಿ ಮೈಕೈನೋವು, ಮಾತ್ರೆ ಬಿಟ್ಟ ಕೆಲವೇ ವಾರಗಳಲ್ಲಿ ಇಳಿಯಬೇಕು. ಎಚ್‌ಎಂಜಿಸಿಆರ್ ಪ್ರತಿಕಾಯ ಪರೀಕ್ಷಿಸಲು ಹೇಳಿ. ಅದು ಇದ್ದರೆ ದೇಹವೇ ಸ್ನಾಯುವಿನ ಮೇಲೆ ದಾಳಿ ಮಾಡುತ್ತಿದೆ ಎಂದರ್ಥ; ಸ್ಟ್ಯಾಟಿನ್ ಮತ್ತೆ ಮುಟ್ಟಬಾರದು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ತಕ್ಷಣ ಶುರುವಾಗಬೇಕು.